ಹನ್ನೆರಡನೇ ಹಾಸಿಗೆ

ನಾವೆಲ್ಲ ದೊಡ್ಡ ಸಿಸ್ಟರ್ ಎಂದು ಕರೆಯುವ ಹೆಂಗಸು ಎತ್ತರದಲ್ಲಿ ನನ್ನ ಭುಜಕ್ಕೂ ಬರುವುದಿಲ್ಲ. ಔಷಧಿ ಕಪಾಟಿನ ಮೇಲಿನ ಹಲಗೆಗೆ ಕೈ ಎಟುಕಬೇಕಾದರೆ ಅವರು ಒಂದು ಮರದ ಸ್ಟೂಲು ಹತ್ತಬೇಕು. ಹಾಗೆ ಹತ್ತಿ ನಿಂತಾಗಲೂ ಬಾಗಿಲ ಬಳಿ ಆದದ್ದು ಯಾರ ಚಪ್ಪಲಿ ಸದ್ದು ಎಂದು ತಿರುಗಿ ನೋಡದೆಯೇ ಹೇಳಬಲ್ಲರು. "ಟೈಮ್‌ಕೀಪರ್ ಬಂದ್ರು, ಹತ್ತು ಗಂಟೆ ಆಯ್ತು" ಎನ್ನುತ್ತಾರೆ.

ಆ ಟೈಮ್‌ಕೀಪರ್ ನಾನು. ಬಸ್ ಡಿಪೋದ ಗೇಟಿನ ಪಕ್ಕ ಗೂಡಿನಂಥ ಒಂದು ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ಕೂತು, ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು, ಡ್ರೈವರ್ ಯಾರು, ಕಂಡಕ್ಟರ್ ಯಾರು ಎಂದು ಬರೆದೂ ಬರೆದೂ ಮುದುಕನಾದವನು. ನಿವೃತ್ತಿಯಾದ ಮೇಲೆ ನನ್ನ ಟೈಮ್‌ಟೇಬಲ್ಲಿನಲ್ಲಿ ಉಳಿದಿರುವುದು ಒಂದೇ ಟ್ರಿಪ್ಪು: ದಿನಾ ಹತ್ತಕ್ಕೆ ಅಕ್ಕನನ್ನು ನೋಡಲು ಹೋಗುವುದು, ಹನ್ನೆರಡಕ್ಕೆ ವಾಪಸ್ಸು ಬರುವುದು. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಸೊಂಟದ ಮೂಳೆ ಮುರಿದು ಎದ್ದು ನಡೆಯಲಾರದವಳು. ಅವಳನ್ನು ಎತ್ತಿ ಕೂರಿಸುವ ಶಕ್ತಿ ನನ್ನ ತೋಳಿನಲ್ಲಿಲ್ಲ. ಹಾಗಾಗಿ ಅವಳು ಈ ಹೋಮಿನಲ್ಲಿ, ಹನ್ನೊಂದನೇ ಹಾಸಿಗೆಯಲ್ಲಿ ಇದ್ದಾಳೆ. ಸೊಂಟ ಹೋದರೂ ಬಾಯಿ ಮಾತ್ರ ಗಟ್ಟಿಯಾಗಿದೆ.

ಹೋಮು ಎಂದರೆ ಹಾಸಿಗೆ ಹಿಡಿದ ಮುದುಕ ಮುದುಕಿಯರ ಆರೈಕೆ ಮನೆ. ನಲವತ್ತು ಹಾಸಿಗೆ, ಉದ್ದನೆಯ ಎರಡು ಹಾಲು, ನಡುವೆ ಒಂದು ಓಣಿ. ಅದನ್ನು ಕಟ್ಟಿಸಿದವರು ಒಬ್ಬ ಡಾಕ್ಟರಮ್ಮ. ಮೇಲಿನ ಮಹಡಿಯಲ್ಲೇ ಅವರ ವಾಸ. ಕೆಳಗಿನವರಿಗೆ ಬರುವ ಸೂಪೇ ಅವರಿಗೂ. ಸೂಪು ನೀರಾಗಿದ್ದರೆ ಬೆಳಿಗ್ಗೆ ಅಡುಗೆಮನೆಯಲ್ಲಿ ಅವರ ಗಂಟಲೇ ಮೊದಲು ಕೇಳುತ್ತಿತ್ತು. ನಾನೂ ಅವರ ಜೊತೆ ಎರಡು ಸಲ ಜಗಳ ಆಡಿದ್ದೇನೆ, ಒಂದು ಸಲ ಗೆದ್ದಿದ್ದೇನೆ.

ದೊಡ್ಡ ಸಿಸ್ಟರ್ ಕೆಲಸ ಕಲಿತದ್ದು ಅವರ ಕೈಕೆಳಗೆ. ಹತ್ತೊಂಬತ್ತು ವರ್ಷದ ಹಿಂದೆ ಬಂದ ಮೊದಲ ದಿನ ಡಾಕ್ಟರಮ್ಮ ಹೇಳಿದ್ದು ಒಂದೇ ಪಾಠವಂತೆ: ಹಿಮ್ಮಡಿ ಮೊದಲು, ಮುಖ ಆಮೇಲೆ. ಮಲಗಿದಲ್ಲೇ ಮಲಗಿರುವವರ ಮೈ ಮೊದಲು ಕೆಡುವುದು ಹಾಸಿಗೆಗೆ ಒತ್ತುವ ಜಾಗದಲ್ಲಿ, ಅದರಲ್ಲೂ ಹಿಮ್ಮಡಿಯಲ್ಲಿ. ಅಲ್ಲಿ ಚರ್ಮ ಕೆಂಪಗಾದದ್ದು ಇವತ್ತು ಕಣ್ಣಿಗೆ ಬೀಳದಿದ್ದರೆ ವಾರದಲ್ಲಿ ಹುಣ್ಣು. ಅದಕ್ಕೇ ಸಿಸ್ಟರ್ ಬೆಳಿಗ್ಗೆ ಬಂದವರೇ ಬಿಸಿನೀರಿನ ನಲ್ಲಿಗೆ ಕೈಯೊಡ್ಡಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಒಂದೊಂದು ಹಾಸಿಗೆಯ ಹೊದಿಕೆಯನ್ನೂ ಕಾಲಿನ ಕಡೆಯಿಂದ ಎತ್ತಿ ಎರಡೂ ಹಿಮ್ಮಡಿಗಳನ್ನು ಅಂಗೈಯಲ್ಲಿ ಹಿಡಿದು ನೋಡಿ, ಆಮೇಲೆ ಮುಖದ ಕಡೆ ಬಂದು "ನಿದ್ದೆ ಬಂತಾ?" ಎಂದು ಕೇಳುತ್ತಾರೆ.

"ಇವಳಿಗೆ ನನ್ನ ಮುಖಕ್ಕಿಂತ ಹಿಮ್ಮಡಿ ಪರಿಚಯಾನೇ ಜಾಸ್ತಿ ಕಣೋ. ರಸ್ತೇಲಿ ಸಿಕ್ಕಿದ್ರೆ ಚಪ್ಪಲಿ ಬಿಚ್ಚಿ ತೋರಿಸ್ಬೇಕು, ಆಗ ಗುರುತು ಹಿಡೀತಾಳೆ" ಎಂದು ಅಕ್ಕ ನಗುತ್ತಿದ್ದಳು.

ಅಕ್ಕನ ಪಕ್ಕದ ಹನ್ನೆರಡನೇ ಹಾಸಿಗೆಯಲ್ಲಿ ಇರುವವರು ಸಿಸ್ಟರ ಹೆತ್ತ ತಾಯಿ. ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದವರು, ಹಾಗಾಗಿ ನಮಗೆಲ್ಲ ಟೀಚರಮ್ಮ. ಗಂಡನಿಲ್ಲದೆ ಒಬ್ಬರೇ ದುಡಿದು ಮಗಳನ್ನು ಓದಿಸಿದವರು. ಐದು ವರ್ಷದ ಹಿಂದೆ ಅವರ ನೆನಪು ಕಳಚತೊಡಗಿತು. ಮೊದಲು ಬೀದಿ ಮರೆತರು, ಆಮೇಲೆ ಮನೆ ಮರೆತರು, ಆಮೇಲೆ ಮಗಳ ಹೆಸರು. ಮಗ್ಗಿ ಮಾತ್ರ ಉಳಿಯಿತು. ಹದಿನೇಳರ ಮಗ್ಗಿಯನ್ನು ಇಂದಿಗೂ ತಡವರಿಸದೆ ಹೇಳುತ್ತಾರೆ. ಮನೆ ಎಂದರೆ ಮುದ್ರಣಾಲಯದ ಹಿಂದಿನ ಕಟ್ಟಡದ ಮೂರನೇ ಮಹಡಿಯ ಎರಡು ಕೋಣೆ. ಲಿಫ್ಟಿಲ್ಲ. ಮಗಳದು ಬೆಳಿಗ್ಗೆ ಏಳರಿಂದ ಸಂಜೆ ಏಳರ ಡ್ಯೂಟಿ. ಒಂದು ದಿನ ಟೀಚರಮ್ಮ ಮೆಟ್ಟಿಲ ಮೇಲೆ ಬಿದ್ದು, ಮೂರು ಗಂಟೆ ಅಲ್ಲೇ ಕೂತು ಮಗ್ಗಿ ಹೇಳುತ್ತಿದ್ದರಂತೆ.

ಅದನ್ನು ಕೇಳಿದ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದರು: "ನೀನು ನಮ್ಮ ನಲವತ್ತು ಜನರನ್ನ ನೋಡ್ಕೋ, ನಿನ್ನ ಅಮ್ಮನ್ನ ನಾವು ನೋಡ್ಕೋತೀವಿ. ಇದರಲ್ಲಿ ದುಡ್ಡಿನ ಮಾತಿಲ್ಲ."

ಹೀಗೆ ಹನ್ನೆರಡನೇ ಹಾಸಿಗೆ ಟೀಚರಮ್ಮನದಾಯಿತು.

ಇಲ್ಲಿ ನನ್ನದೊಂದು ತಪ್ಪು ಹೇಳಿಬಿಡಬೇಕು, ಮುಂದಿನದಕ್ಕೆಲ್ಲ ಅದೇ ಮೂಲ. ಟೀಚರಮ್ಮ ಬಂದ ಮೊದಲ ವಾರ ಅವರ ತಲೆಯ ಕೆಳಗೆ ಒಂದು ಹೊಸ ದಿಂಬು ಕಂಡೆ. ನನ್ನ ಅಕ್ಕನ ದಿಂಬು ಹಳೆಯದು, ಗಂಟುಗಂಟು. "ಸಿಸ್ಟರ್ ಅಮ್ಮ ಅಂದ್ಮೇಲೆ ಮೆತ್ತನೆ ದಿಂಬು ಬರದೆ ಇರುತ್ತಾ" ಎಂದು ಓಣಿಯಲ್ಲಿ ನಾಲ್ಕು ಜನರ ಎದುರು ಅಂದುಬಿಟ್ಟೆ. ಸಿಸ್ಟರ್ ಅಲ್ಲೇ ಹಿಂದೆ ನಿಂತಿದ್ದರು. ಆ ದಿಂಬು ಅವರು ಮನೆಯಿಂದ ತಂದದ್ದು ಎಂದು ಆಮೇಲೆ ಗೊತ್ತಾಯಿತು. ಮರುದಿನ ಅದು ಅಕ್ಕನ ತಲೆಯ ಕೆಳಗಿತ್ತು. ಅಂದಿನಿಂದ ಸಿಸ್ಟರ್ ಒಂದು ಕಟ್ಟುಪಾಡು ಹಾಕಿಕೊಂಡರು: ಡ್ಯೂಟಿಯ ಹೊತ್ತಿನಲ್ಲಿ ತಾಯಿಯ ಸರದಿ ಎಲ್ಲರ ಕೊನೆಗೆ. ಮೂವತ್ತೊಂಬತ್ತು ಜನರ ಹಿಮ್ಮಡಿ ನೋಡಿ ಮುಗಿದ ಮೇಲೆ ಹನ್ನೆರಡನೆಯದು. ಸಂಜೆ ಡ್ಯೂಟಿ ಮುಗಿದ ಮೇಲೆ ಮಗಳಾಗಿ ಕುರ್ಚಿ ಎಳೆದುಕೊಂಡು ಅರ್ಧ ಗಂಟೆ ಕೂತು, ತಲೆ ಬಾಚಿ, ಊಟ ತಿನ್ನಿಸಿ ಹೋಗುವುದು. ಈ ನನ್ನ ಹಾಳು ನಾಲಿಗೆಯನ್ನು ಎಷ್ಟು ಕಚ್ಚಿಕೊಂಡರೂ ಸಾಲದು.

ಡಾಕ್ಟರಮ್ಮ ಇರುವವರೆಗೆ ಅದರಿಂದ ತೊಂದರೆಯೇನೂ ಆಗಲಿಲ್ಲ. ಹಗಲಿನ ಪಾಳಿಯಲ್ಲಿ ಆರು ನರ್ಸುಗಳಿದ್ದರು. ಕೊನೆಯ ಸರದಿ ಎಂದರೂ ಒಂಬತ್ತೂವರೆಗೆ ಬರುತ್ತಿತ್ತು.

ಡಾಕ್ಟರಮ್ಮ ತೀರಿಕೊಂಡ ವರ್ಷವೇ ಅವರ ಮಕ್ಕಳು ಹೋಮನ್ನು ಒಂದು ಕಂಪನಿಗೆ ಮಾರಿದರು. ಕಂಪನಿಗೆ ಇಂಥ ಹೋಮುಗಳು ಹತ್ತೊಂಬತ್ತು ಇದ್ದವಂತೆ, ನಮ್ಮದು ಇಪ್ಪತ್ತನೆಯದು. ಮಾಲೀಕರ ಮುಖ ನಾವ್ಯಾರೂ ಇಂದಿನವರೆಗೆ ನೋಡಿಲ್ಲ. ಮೇಲಿನ ಮಹಡಿ ಆಫೀಸಾಯಿತು. ಒಬ್ಬ ಮ್ಯಾನೇಜರ್ ಬಂದ. ಕೆಟ್ಟವನಲ್ಲ, ಸೂಪಿನ ಬಗ್ಗೆ ಹೇಳಿದರೂ ಕೇಳಿಸಿಕೊಳ್ಳುತ್ತಾನೆ, ಕರೆಗಂಟೆ ಕೆಟ್ಟಿದೆ ಎಂದರೂ ಕೇಳಿಸಿಕೊಳ್ಳುತ್ತಾನೆ, ಎಲ್ಲ ಕೇಳಿ "ನನ್ ಕೈಲಿಲ್ಲ ಸರ್" ಎನ್ನುತ್ತಾನೆ. ಅಕ್ಕ ಅವನಿಗೆ 'ಕೈಲಿಲ್ಲಪ್ಪ' ಎಂದೇ ಹೆಸರಿಟ್ಟಳು.

ಮೊದಲು ಬಂದದ್ದು ಗಾಜಿನ ಬಾಗಿಲು. ಅಂಕಿ ಒತ್ತಿದರೆ ಮಾತ್ರ ತೆರೆಯುತ್ತದೆ, ಒಳಗಿನವರಿಗೂ ಅಷ್ಟೇ, ಹೊರಗಿನವರಿಗೂ ಅಷ್ಟೇ. ಆಮೇಲೆ ಮುಂದಿನ ಕೋಣೆಗೆ ಎಂಟು ಮೀನಿರುವ ದೊಡ್ಡ ಗಾಜಿನ ತೊಟ್ಟಿ ಬಂತು. ಅದನ್ನು ನೋಡಿಕೊಳ್ಳಲೆಂದೇ ಒಬ್ಬ ಬರುತ್ತಾನೆ. ಅದೇ ಹೊತ್ತಿಗೆ ನರ್ಸುಗಳು ಒಬ್ಬೊಬ್ಬರೇ ಕಡಿಮೆಯಾಗತೊಡಗಿದರು. ಯಾರನ್ನೂ ತೆಗೆದುಹಾಕಲಿಲ್ಲ, ಹೋದವರ ಜಾಗಕ್ಕೆ ಯಾರೂ ಬರಲಿಲ್ಲ, ಅಷ್ಟೇ. ಆರು ನಾಲ್ಕಾಯಿತು, ಮೂರಾಯಿತು, ಕಡೆಗೆ ಸಿಸ್ಟರನ್ನೂ ಸೇರಿಸಿ ಇಬ್ಬರು ನರ್ಸು, ಮೂವರು ಆಯಾ.

"ಎಂಟು ಮೀನಿಗೆ ಒಬ್ಬ. ನಲವತ್ತು ಜನಕ್ಕೆ ಇಬ್ಬರು. ಮುಂದಿನ ಜನ್ಮದಲ್ಲಿ ಮೀನಾಗಿ ಹುಟ್ಟಬೇಕು" ಎಂದಳು ಅಕ್ಕ.

ಆದರೆ ಬಾಗಿಲ ಬಳಿಯ ಬೋರ್ಡಿನಲ್ಲಿ ಮಾತ್ರ ದಿನವೂ ಆರು ಹೆಸರು. ನಾನು ವಿಚಾರಿಸಿದೆ. ನಾಲ್ಕು ಹೆಸರು ಊರಿನ ಆಚೆ ತುದಿಯ ಹೋಮಿನವರದು. ಅಲ್ಲಿನ ಬೋರ್ಡಿನಲ್ಲಿ ನಮ್ಮ ಇಬ್ಬರ ಹೆಸರೂ ಇತ್ತಂತೆ.

"ಒಬ್ಬನೇ ಕಂಡಕ್ಟರನ್ನ ಎರಡು ಬಸ್ಸಿನ ಹಾಳೇಲಿ ಬರೆದಿದ್ರೆ ನನ್ನ ಅವತ್ತೇ ಮನೆಗೆ ಕಳಿಸ್ತಿದ್ರು ಕಣಯ್ಯ" ಎಂದು ಮ್ಯಾನೇಜರ ಎದುರು ಕೂಗಾಡಿದೆ.

"ಅದು ಗ್ರೂಪ್ ಲೆಕ್ಕ ಸರ್. ನನ್ ಕೈಲಿಲ್ಲ."

ಅಂದಿನಿಂದ ದಿನಾ ಹತ್ತು ಗಂಟೆಗೆ ಕಣ್ಣಿಗೆ ಕಂಡ ನರ್ಸುಗಳು ಎಷ್ಟು ಎಂದು ಜೇಬಿನ ಡೈರಿಯಲ್ಲಿ ಬರೆಯತೊಡಗಿದೆ. ಏನೋ ಮಾಡಬೇಕೆಂದಲ್ಲ. ಹಳೆಯ ಚಾಳಿ, ಕೈ ಸುಮ್ಮನಿರದು.

ಅಕ್ಕನನ್ನು ಬೇರೆ ಕಡೆ ಸೇರಿಸೋಣ ಎಂದು ನಾಲ್ಕು ಹೋಮುಗಳಿಗೆ ಫೋನ್ ಮಾಡಿದೆ. ನಾಲ್ಕರಲ್ಲೂ "ದಯವಿಟ್ಟು ಕಾಯಿರಿ" ಎಂದು ಒಂದೇ ಹೆಂಗಸಿನ ಧ್ವನಿ, ಹಿಂದೆ ಒಂದೇ ಪಿಟೀಲು. ನಾಲ್ಕೂ ಅದೇ ಕಂಪನಿಯವು. ಡಿಪೋದ ಯಾವ ಬಸ್ಸು ಹತ್ತಿದರೂ ಮತ್ತೆ ಡಿಪೋಗೇ ತಂದು ಬಿಟ್ಟರೆ ಹೇಗೋ ಹಾಗಾಯಿತು ನನ್ನ ಸ್ಥಿತಿ.

ಸಿಸ್ಟರ ಸ್ಥಿತಿ ನನಗಿಂತ ಕಷ್ಟದ್ದು. ಏಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಬದಲಿಸಿದ ಹೊತ್ತು ಬರೆದು ಸಹಿ ಹಾಕಲು ಪ್ರತಿ ಹಾಸಿಗೆಯ ಕಾಲ ಬಳಿ ಒಂದು ಚಾರ್ಟು ನೇತಾಡುತ್ತದೆ. ಇಬ್ಬರು ನರ್ಸು, ಮೂವರು ಆಯಾಗಳಿಂದ ಅದು ಆಗುವ ಮಾತೇ? ಎರಡು ಗಂಟೆ ನಾಲ್ಕಾಯಿತು, ಕೆಲವು ದಿನ ಆರಾಯಿತು. ಪಾಳಿ ಮುಗಿಯುವಾಗ ಆಯಾಗಳು ಎಲ್ಲ ಚಾರ್ಟನ್ನೂ ಗುಡ್ಡೆ ಹಾಕಿಕೊಂಡು ಒಂದೇ ಪೆನ್ನಿನಲ್ಲಿ ತುಂಬಿಸತೊಡಗಿದರು. ಅದರ ಕೆಳಗೆ ಮುಖ್ಯ ನರ್ಸಿನ, ಅಂದರೆ ನಮ್ಮ ಸಿಸ್ಟರ, ಸಹಿ ಬೇಕು.

ಮೊದಲ ದಿನ ಸಿಸ್ಟರ್ ಪೆನ್ನು ಕೆಳಗಿಟ್ಟು, "ಆಗದೇ ಇರೋದಕ್ಕೆ ನಾನು ಸಹಿ ಹಾಕಲ್ಲ" ಎಂದರು. ಮರುದಿನ ಮ್ಯಾನೇಜರ್ ಒಂದು ಕಾಗದ ತಂದುಕೊಟ್ಟ. ನಾನು ಅಕ್ಕನ ಪಕ್ಕವೇ ಇದ್ದೆ, ಸಿಸ್ಟರ್ ಅದನ್ನು ಓದಿ ನನ್ನ ಕೈಗೂ ಕೊಟ್ಟರು. ಮುಖ್ಯ ನರ್ಸಿನ ಹುದ್ದೆಯಲ್ಲಿ ಇರುವವರೆಗೆ ಮಾತ್ರ ಹನ್ನೆರಡನೇ ಹಾಸಿಗೆಯ ರಿಯಾಯಿತಿ. ಹುದ್ದೆ ಹೋದರೆ ಹಾಸಿಗೆ ಖಾಲಿ ಮಾಡಬೇಕು. ಡಾಕ್ಟರಮ್ಮ ಬಾಯಲ್ಲಿ ಆಡಿದ ಮಾತನ್ನು ಇವರು ಹೀಗೆ ಕಾಗದಕ್ಕೆ ಇಳಿಸಿದ್ದರು.

"ಸಹಿ ಹಾಕ್ಲೇಬೇಕಾ?" ಎಂದು ಕೇಳಿದೆ. ಅಡಕತ್ತರಿಯಲ್ಲಿ ಸಿಕ್ಕಿದವರ ಹತ್ತಿರ ಕೇಳುವ ಮಾತೇ ಅದು?

"ಮೂರನೇ ಮಹಡಿ, ಟೈಮ್‌ಕೀಪರ್" ಎಂದಷ್ಟೇ ಹೇಳಿ ಅವರು ಎದ್ದು ಹೋದರು. ಅಂದು ಸಂಜೆಯಿಂದ ಸಹಿ ಹಾಕಿದರು.

ಹಿಮ್ಮಡಿಯ ಸರದಿ ಮಾತ್ರ ಬಿಡಲಿಲ್ಲ. ಓಡಿ ಓಡಿ, ಕರೆಗಂಟೆಗೆ ನಡುವೆ ಬಿಟ್ಟು ಓಡಿ, ಮತ್ತೆ ಬಂದು, ಹೇಗೋ ಮೂವತ್ತೊಂಬತ್ತು ಜನರದು ನೋಡುತ್ತಿದ್ದರು. ಅಷ್ಟು ಹೊತ್ತಿಗೆ ಒಂದೂವರೆ, ಊಟದ ಗಲಾಟೆ. ಹನ್ನೆರಡನೆಯದು ಉಳಿದುಬಿಡುತ್ತಿತ್ತು. ಹಗಲು ಆಯಾಗಳು ನೋಡಿರುತ್ತಾರೆ ಎಂದು ನಂಬಿ, ಸಂಜೆ ಮಗಳಾಗಿ ಕೂತಾಗಲೂ ಅವರು ಕಾಲಿನ ಹೊದಿಕೆ ಎತ್ತುತ್ತಿರಲಿಲ್ಲ. ಆಯಾಗಳು ಏನು ನಂಬಿದ್ದರೆಂದರೆ, ಸಿಸ್ಟರ ತಾಯಿ ಅಲ್ಲವೇ, ಸಿಸ್ಟರೇ ನೋಡಿಕೊಂಡಿರುತ್ತಾರೆ. ಕೈಗೆ ಬಿಡುವಿಲ್ಲದವರು ಒಂದು ಹಾಸಿಗೆ ಕಡಿಮೆಯಾದರೆ ಸಾಕು ಎಂದು ಮುಂದೆ ಹೋಗುತ್ತಿದ್ದರು. ಟೀಚರಮ್ಮನಿಗೆ ಕಾಲು ಸದಾ ತಣ್ಣಗೆ. ಮಗಳೇ ಕೊಂಡು ತಂದ ನೀಲಿ ಉಣ್ಣೆಯ ಕಾಲುಚೀಲ ಕಾಲಿಗಿತ್ತು. ಅದನ್ನು ತೆಗೆಯಲು ಹೋದರೆ ಕಿರುಚುತ್ತಿದ್ದರು. ಯಾರು ತಾನೇ ತೆಗೆದಾರು?

ಒಂದು ದಿನ ಅಕ್ಕ ಮೂಗು ಮುಚ್ಚಿಕೊಂಡು, "ಈ ಕಡೆಯಿಂದ ಏನೋ ವಾಸನೆ ಬರ್ತಿದೆ ಕಣೋ" ಎಂದಳು.

"ನಿಂಗೆ ಎಲ್ಲದರಲ್ಲೂ ವಾಸನೆ. ನಿನ್ನೆ ಕುಡಿಯೋ ಹಾಲಲ್ಲಿ ಬರ್ತಿತ್ತು" ಎಂದೆ ನಾನು.

ಅವಳು ಮರುದಿನವೂ ಅಂದಳು. ನಾನು ಪೇಪರ್ ಓದುತ್ತಿದ್ದೆ. ಹನ್ನೆರಡನೇ ಹಾಸಿಗೆ ನನ್ನ ಕುರ್ಚಿಯಿಂದ ಎರಡು ಹೆಜ್ಜೆ. ಸಿಸ್ಟರ ಅಮ್ಮ, ಸಿಸ್ಟರೇ ನೋಡಿರುತ್ತಾರೆ ಎಂದು ನಾನೂ ಅಂದುಕೊಂಡೆ.

ಆ ವಾರವೇ ಸರ್ಕಾರದ ತಪಾಸಣೆ ಎಂಬ ಸುದ್ದಿ ಬಂತು. ಇಲಾಖೆಯವರು ಹೇಳದೆ ಕೇಳದೆ ಬರಬೇಕು, ಆದರೆ ಕಂಪನಿಗೆ ಎರಡು ದಿನ ಮೊದಲೇ ಅದು ಹೇಗೋ ಗೊತ್ತಾಗುತ್ತದೆ. ಆ ಬೆಳಿಗ್ಗೆ ಹೋದಾಗ ಅಂಗಳದಲ್ಲಿ ಒಂದು ವ್ಯಾನು ನಿಂತಿತ್ತು. ಹೋಮಿನ ಒಳಗೆ ಇಸ್ತ್ರಿ ಮಾಡಿದ ಸಮವಸ್ತ್ರದ ಐದು ಹೊಸ ನರ್ಸುಗಳು. ಬೇರೆ ಹೋಮುಗಳಿಂದ ಒಂದು ದಿನದ ಮಟ್ಟಿಗೆ ತಂದವರು. ಪಾಪ, ಕಕ್ಕಸು ಎಲ್ಲಿದೆ ಎಂದು ನನ್ನನ್ನೇ ಕೇಳಿದರು.

ಏಳು ಜನ ಇದ್ದದ್ದಕ್ಕೆ ಸಿಸ್ಟರ ಸರದಿ ಹತ್ತಕ್ಕೇ ಮುಗಿಯಿತು. ಹನ್ನೆರಡನೇ ಹಾಸಿಗೆಯ ಬಳಿ ಸ್ಟೂಲು ಎಳೆದು ಕೂತರು. ಎಷ್ಟೋ ತಿಂಗಳ ಮೇಲೆ ಡ್ಯೂಟಿಯಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು. "ಇವತ್ತು ಪುರುಸೊತ್ತು ಟೈಮ್‌ಕೀಪರ್" ಎಂದು ನಕ್ಕರು. ಹೊದಿಕೆ ಎತ್ತಿದರು. "ಅಮ್ಮಾ, ಹದಿನೇಳರದ್ದು ಹೇಳಮ್ಮ" ಎಂದು ತಾಯಿಯನ್ನು ಮಗ್ಗಿಗೆ ಹಚ್ಚಿ, ಮೆಲ್ಲಗೆ ಕಾಲುಚೀಲ ಜಾರಿಸಿದರು.

ಎಡಗಾಲಿನದು ಬರಲಿಲ್ಲ, ಹಿಮ್ಮಡಿಗೆ ಅಂಟಿಕೊಂಡಿತ್ತು. ಸಿಸ್ಟರ ನಗು ಅಲ್ಲೇ ನಿಂತಿತು. ಬೆಚ್ಚಗಿನ ನೀರು ತಂದು ಹನಿ ಹನಿಯಾಗಿ ಬಿಟ್ಟು ಬಿಡಿಸಿದರು. ನಾನು ಕಂಡೆ. ಹಿಮ್ಮಡಿಯ ಹೊರಗಡೆ ಕಪ್ಪಗೆ, ಅಂಚಿನಲ್ಲಿ ಹಸಿ. ಅಕ್ಕ ಹೇಳಿದ ವಾಸನೆ ಅದೇ.

"ಹದಿನೇಳ್ ಆರ್ಲಿ ನೂರಾ ಎರಡು" ಎನ್ನುತ್ತಿದ್ದರು ಟೀಚರಮ್ಮ.

ಸಿಸ್ಟರ್ ಹಾಸಿಗೆಯ ಕಾಲ ಬಳಿಯ ಚಾರ್ಟು ಬಿಡಿಸಿಕೊಂಡು ಹಾಳೆ ಹಾಳೆ ತಿರುಗಿಸಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲಾಗಿದೆ, ಚರ್ಮ ಚೆನ್ನಾಗಿದೆ. ಕೆಳಗೆ ಸಹಿ. "ಹದಿನಾರು ದಿನ" ಎಂದರು. "ಹದಿನಾರು ದಿನ ನಾನೇ ಬರ್ದಿದೀನಿ, ನಮ್ಮಮ್ಮನ ಕಾಲು ಚೆನ್ನಾಗಿದೆ ಅಂತ."

ಇಡೀ ಹೋಮಿನಲ್ಲಿ ನೋಡದೆ ಉಳಿದ ಹಿಮ್ಮಡಿ ಅದೊಂದೇ.

ಅಷ್ಟರಲ್ಲಿ ಮ್ಯಾನೇಜರ್ ಬಂದ. ನೋಡಿದ, ಮುಖ ಬಿಳಿಚಿಕೊಂಡಿತು. "ಸಿಸ್ಟರ್, ಅವರು ಗೇಟಿಗೆ ಬಂದಾಯ್ತು. ಇವತ್ತೊಂದು ದಿನ ಮುಚ್ಚಿಬಿಡಿ. ಮೂರೇ ಹಾಸಿಗೆ ನೋಡೋದು. ನಿಮ್ಮ ಸಹಿ ಇದೆ, ನಿಮ್ಮ ಲೈಸೆನ್ಸ್ ಹೋಗುತ್ತೆ. ಹುದ್ದೆ ಹೋದ್ರೆ ಈ ಹಾಸಿಗೆ..." ಎಂದವನು ಮುಗಿಸಲಿಲ್ಲ. "ನನ್ನ ಕೆಲಸಾನೂ ಹೋಗುತ್ತೆ. ನಂಗೂ ಮನೇಲಿ ಅಮ್ಮ ಇದ್ದಾಳೆ."

ಸಿಸ್ಟರ್ ಹುಣ್ಣನ್ನು ತೊಳೆದರು, ಔಷಧಿ ಹಚ್ಚಿದರು, ಬಟ್ಟೆ ಸುತ್ತಿದರು. ಆಮೇಲೆ ಇನ್ನೊಂದು ಜೊತೆ ಕಾಲುಚೀಲ ತೆಗೆದು ಅದರ ಮೇಲೆ ಏರಿಸಿದರು. ಅವರ ಕೈಯೇ ಏರಿಸಿತು, ನಾನು ಕಣ್ಣಾರೆ ನೋಡಿದೆ. ನಾನೂ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ನನ್ನ ಅಕ್ಕನೂ ಅದೇ ಛಾವಣಿಯ ಕೆಳಗೆ ಮಲಗಬೇಕಲ್ಲ.

ತಪಾಸಣೆಗೆ ಬಂದವರು ನಡುವಯಸ್ಸಿನ ಹೆಂಗಸು. ಸವೆದ ರಬ್ಬರ್ ಚಪ್ಪಲಿ, ಸದ್ದಾಗದ ನಡಿಗೆ. ಅವರೂ ಮೊದಲು ನರ್ಸಾಗಿದ್ದವರೇ ಎಂದು ಆ ನಡಿಗೆಯೇ ಹೇಳುತ್ತಿತ್ತು. ಬೋರ್ಡು ನೋಡಿದರು, ಮೀನು ನೋಡಿದರು, ಪಟ್ಟಿಯಲ್ಲಿ ಕಣ್ಣು ಮುಚ್ಚಿ ಬೆರಳಿಟ್ಟು ಮೂರು ಹಾಸಿಗೆ ಆರಿಸಿದರು: ನಾಲ್ಕು, ಹತ್ತೊಂಬತ್ತು, ಮೂವತ್ತೊಂದು. ಹನ್ನೆರಡು ಬರಲಿಲ್ಲ. ಮ್ಯಾನೇಜರ್ ಬಿಟ್ಟ ಉಸಿರು ನನ್ನ ಕುರ್ಚಿಯವರೆಗೆ ಕೇಳಿಸಿತು.

ಆಕೆ ನಾಲ್ಕನೇ ಹಾಸಿಗೆಗೆ ಹೋಗಿ ಹೊದಿಕೆಯನ್ನು ಕಾಲಿನ ಕಡೆಯಿಂದ ಎತ್ತಿದರು. ಎರಡೂ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದರು. ಹತ್ತೊಂಬತ್ತರಲ್ಲೂ ಹಾಗೇ, ಮೂವತ್ತೊಂದರಲ್ಲೂ ಹಾಗೇ. ಮುಗಿಸಿ ಓಣಿಗೆ ಬಂದು ನಿಂತಾಗ ಅವರ ಮುಖ ಅರಳಿತ್ತು.

"ಸಿಸ್ಟರ್, ನಾನು ವರ್ಷಕ್ಕೆ ಅರವತ್ತು ಹೋಮ್ ನೋಡ್ತೀನಿ. ಇಷ್ಟು ಚೆನ್ನಾಗಿರೋ ಹಿಮ್ಮಡಿ ಎಲ್ಲೂ ನೋಡಿಲ್ಲ. ಇದು ಒಂದು ದಿನದ ಕೆಲಸ ಅಲ್ಲ. ಯಾರು ಕಲಿಸಿದ್ದು ನಿಮಗೆ?"

ಅವರು ಬೈದಿದ್ದರೆ ಸಿಸ್ಟರ್ ತಡೆದುಕೊಳ್ಳುತ್ತಿದ್ದರು. ಹೊಗಳಿದ್ದನ್ನು ತಡೆಯಲು ಆಗಲಿಲ್ಲ. ಆ ಪುಟ್ಟ ಹೆಂಗಸು ಹೇಳಿದರು: "ಇನ್ನೊಂದು ಇದೆ ಮೇಡಂ. ಹನ್ನೆರಡು. ಬನ್ನಿ."

ಮ್ಯಾನೇಜರ್ ಏನೋ ಹೇಳಲು ಮುಂದೆ ಬಂದ. ಸಿಸ್ಟರ್ ಅವನನ್ನು ದಾಟಿಕೊಂಡು ಬಂದು, ಸ್ಟೂಲಿನ ಮೇಲೆ ಕೂತು, ತಾಯಿಯ ಕಾಲುಚೀಲ ತೆಗೆದು, ಸುತ್ತಿದ ಬಟ್ಟೆ ಬಿಚ್ಚಿದರು.

ಆಕೆ ಬಹಳ ಹೊತ್ತು ನೋಡಿದರು. ಚಾರ್ಟು ತಿರುಗಿಸಿದರು. "ಈ ಸಹಿ ಯಾರದು?"

"ನಂದು."

"ಇವರು?"

"ನಮ್ಮಮ್ಮ."

"ನಿಮ್ಮಮ್ಮಾನೇ? ಹಾಗಿದ್ದೂ..."

"ನಮ್ಮಮ್ಮ ಅಂತಾನೇ ಯಾರೂ ನೋಡ್ಲಿಲ್ಲ ಮೇಡಂ. ನಾನೂ ನೋಡ್ಲಿಲ್ಲ. ದಿನಾ ಇಬ್ಬರೇ ಇರೋದು ನಾವು. ಇವತ್ತು ಏಳು ಜನ ಇದ್ದಿದ್ದಕ್ಕೆ ಪುರುಸೊತ್ತು ಸಿಕ್ತು, ನೋಡ್ದೆ."

ಆಕೆ ಓಣಿಯಲ್ಲಿ ಸಾಲಾಗಿ ನಿಂತಿದ್ದ ನರ್ಸುಗಳ ಕಡೆ ತಿರುಗಿ, "ದಿನಾ ಇಲ್ಲೇ ಕೆಲಸ ಮಾಡೋರು ಕೈ ಎತ್ತಿ" ಎಂದರು. ಸಿಸ್ಟರ್ ಎತ್ತಿದರು, ಅವರ ಜೊತೆಯಾಕೆ ಎತ್ತಿದಳು. ವ್ಯಾನಿನಲ್ಲಿ ಬಂದ ಐವರೂ ಮೀನಿನ ತೊಟ್ಟಿಯನ್ನೇ ನೋಡುತ್ತಿದ್ದರು. ಆಗ ನನ್ನ ಕಾಲಿಗೆ ಧೈರ್ಯ ಬಂತು. ಎದ್ದು ಹೋಗಿ ಜೇಬಿನ ಡೈರಿ ಕೊಟ್ಟೆ. ಹದಿನಾಲ್ಕು ತಿಂಗಳ ಬೆಳಗು, ಒಂದೊಂದರ ಮುಂದೆಯೂ ಒಂದು ಅಂಕಿ. ಎರಡು, ಎರಡು, ಮೂರು, ಎರಡು, ಒಂದು. ಆಕೆ ಎಲ್ಲ ಹಾಳೆಗಳನ್ನೂ ಫೋಟೋ ತೆಗೆದುಕೊಂಡು ಹೋದರು. ಈಗ ಕಂಪನಿಯ ಮೂತಿಗೆ ಮಸಿ ಬೀಳುತ್ತದೆ ಎಂದು ನಾನು ಖುಷಿಯಿಂದ ನಡೆದೇ ಮನೆಗೆ ಹೋದೆ.

ಒಂದು ತಿಂಗಳ ಮೇಲೆ ವರದಿ ಬಂತು. ಕಂಪನಿ ತಾನು ಕಳಿಸಿದ ಉತ್ತರದಲ್ಲಿ ಇದು ಒಬ್ಬ ಸಿಬ್ಬಂದಿಯ ವೈಯಕ್ತಿಕ ಅಜಾಗರೂಕತೆ ಎಂದು ಹೇಳಿತ್ತು. ತಪಾಸಣೆಯಾಕೆ ಏನೇನು ಬರೆದಿದ್ದರೋ, ಮೇಲಿನವರ ಕೈ ದಾಟಿ ಬರುವಷ್ಟರಲ್ಲಿ ಎರಡು ಹಾಳೆಯಾಗಿತ್ತು. ಕಂಪನಿಗೆ ಒಂದು ಸಲಹೆ: ಸಾಕಷ್ಟು ನರ್ಸುಗಳನ್ನು ಇಟ್ಟುಕೊಳ್ಳತಕ್ಕದ್ದು. ಸಿಸ್ಟರಿಗೆ ಶಿಕ್ಷೆ: ಸುಳ್ಳು ದಾಖಲೆಗೆ ಸಹಿ ಹಾಕಿದ್ದಕ್ಕೆ ಲೈಸೆನ್ಸಿನ ಮೇಲೆ ಎಚ್ಚರಿಕೆಯ ಗುರುತು, ಮುಖ್ಯ ನರ್ಸಿನ ಹುದ್ದೆಯಿಂದ ವಜಾ. ನನ್ನ ಡೈರಿಯ ಬಗ್ಗೆ ಅರ್ಧ ಸಾಲು, ಖಾಸಗಿ ಟಿಪ್ಪಣಿ, ಪರಿಶೀಲಿಸಿಲ್ಲ. ಹೋಮಿಗೆ ಒಬ್ಬ ನರ್ಸು ಹೆಚ್ಚಿಗೆ ಬಂದಳು. ಈಗ ಮೂವರು. ಬೋರ್ಡಿನಲ್ಲಿ ಏಳು.

ಎಚ್ಚರಿಕೆಯ ಗುರುತಿರುವ ಲೈಸೆನ್ಸು ಹಿಡಿದು ಸಿಸ್ಟರ್ ಬೇರೆಲ್ಲಿ ಹೋದಾರು? ಫೋನು ಮಾಡಿದರೆ ಅವರಿಗೂ ಅದೇ ಪಿಟೀಲು. ಅಲ್ಲೇ ಸಾಮಾನ್ಯ ನರ್ಸಾಗಿ ಉಳಿದರು. ನಾವು ಯಾರೂ ಅವರನ್ನು ಕರೆಯುವ ಹೆಸರು ಬದಲಿಸಲಿಲ್ಲ.

ಹಾಸಿಗೆಯ ಮಾತು ಬಂತು. ಹುದ್ದೆ ಹೋಯಿತು, ಹಾಗಾಗಿ ಹನ್ನೆರಡು ಖಾಲಿ ಮಾಡಬೇಕು. ಆದರೆ ವರದಿಯ ಕೊನೆಯಲ್ಲಿ ಒಂದು ಸಾಲಿತ್ತು. ಅದನ್ನು ಆ ರಬ್ಬರ್ ಚಪ್ಪಲಿಯಾಕೆಯೇ ಹೇಗೋ ಉಳಿಸಿರಬೇಕು: ಹುಣ್ಣು ಆದದ್ದು ಈ ಹೋಮಿನಲ್ಲಿ, ಅದು ಪೂರ್ತಿ ವಾಸಿಯಾಗುವವರೆಗೆ ರೋಗಿಯನ್ನು ಹೊರಗೆ ಕಳಿಸುವಂತಿಲ್ಲ. ಮ್ಯಾನೇಜರ್ ಅದನ್ನು ಓದಿ ಹೇಳಿ, ನೆಲ ನೋಡುತ್ತಾ ನಿಂತ. ವಾಸಿಯಾದ ದಿನ ಅಮ್ಮನನ್ನು ಕರೆದುಕೊಂಡು ಹೋಗಬೇಕು. ಹೋಗುವುದು ಅದೇ ಮೂರನೇ ಮಹಡಿಗೆ, ಹಗಲು ಹನ್ನೆರಡು ಗಂಟೆ ಯಾರೂ ಇಲ್ಲದ ಎರಡು ಕೋಣೆಗೆ.

ಈಗ ಆ ಹುಣ್ಣಿಗೆ ದಿನಾ ಔಷಧಿ ಕಟ್ಟುವವರು ಸಿಸ್ಟರೇ. ನಾನು ಬರುವ ಹೊತ್ತಿಗೆ ಸರಿಯಾಗಿ ಶುರು ಮಾಡುತ್ತಾರೆ. ಕೈ ಬೆಚ್ಚಗೆ ಮಾಡಿಕೊಂಡು ಬಿಚ್ಚುತ್ತಾರೆ, ತೊಳೆಯುತ್ತಾರೆ, ಸತ್ತ ಚರ್ಮವನ್ನು ಚಿಮಟದಿಂದ ಕೂದಲೆಳೆಯಷ್ಟೇ ತೆಗೆಯುತ್ತಾರೆ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲ ಕೆಳಗೆ ದಿಂಬು ಇಡುತ್ತಾರೆ. ಆ ದಿಂಬು ಯಾವುದೆಂದರೆ, ಅಂದು ನನ್ನ ಮಾತಿಗೆ ಅಕ್ಕನ ತಲೆಯ ಕೆಳಗೆ ಬಂದ ಅದೇ ದಿಂಬು. ಅಕ್ಕ ಹಟ ಹಿಡಿದು ವಾಪಸ್ಸು ಕೊಟ್ಟಳು. ಸೋಮವಾರಕ್ಕೊಮ್ಮೆ ಕಾಗದದ ಪಟ್ಟಿಯಿಂದ ಹುಣ್ಣನ್ನು ಅಳೆದು ಚಾರ್ಟಿನಲ್ಲಿ ಮಿಲಿಮೀಟರ್ ಬರೆಯುತ್ತಾರೆ. ಇಪ್ಪತ್ತೆಂಟು. ಮುಂದಿನ ವಾರ ಇಪ್ಪತ್ತನಾಲ್ಕು. ಆಮೇಲೆ ಇಪ್ಪತ್ತು. ಹದಿನಾರು. ಆ ಹುಣ್ಣೂ ಟೀಚರಮ್ಮನ ಶಾಲೆಯಲ್ಲೇ ಓದಿದಂತಿತ್ತು.

ಹೋದ ಸೋಮವಾರ ಅಕ್ಕನಿಗೆ ತಡೆಯಲಾಗಲಿಲ್ಲ. ಸಿಸ್ಟರನ್ನು ಹತ್ತಿರ ಕರೆದು ಪಿಸುಗುಟ್ಟಿದಳು: "ಸ್ವಲ್ಪ ಕೈ ನಿಧಾನ ಮಾಡೇ ತಾಯಿ. ಒಂದು ದಿನ ಬಿಟ್ಟು ಒಂದು ದಿನ ಕಟ್ಟು. ಅಷ್ಟು ಅವಸರ ಏನಿದೆ? ಯಾರಿಗೂ ಗೊತ್ತಾಗಲ್ಲ."

"ನಂಗೂ ಬಂದಿತ್ತು ಆ ಯೋಚನೆ ಅಕ್ಕಾ" ಎಂದರು ಸಿಸ್ಟರ್. "ಒಂದು ದಿನ ಬಿಟ್ಟೂ ನೋಡೋಣ ಅಂತ ಮನೆಯಿಂದ ಹೊರಟೆ. ಇಲ್ಲಿ ಬಂದು ಕಾಲು ಕೈಲಿ ಹಿಡಿದ್ಮೇಲೆ ಆಗ್ಲಿಲ್ಲ. ಕೈ ಅದರ ಪಾಡಿಗೆ ಮಾಡ್ತು."

ಕಾಗದದ ಪಟ್ಟಿ ಇಟ್ಟು ಅಳೆದರು. ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದರು. ನಾನು ಕೇಳಲಿಲ್ಲ, ಅಕ್ಕ ಕೇಳಲಿಲ್ಲ. ಕೇಳಿದವರು ಟೀಚರಮ್ಮ.

"ಎಷ್ಟು ಬಂತು?"

"ಹನ್ನೆರಡು ಅಮ್ಮ."

"ಹಿಂದಿನದು?"

"ಹದಿನಾರು."

"ಅದರ ಹಿಂದಿನದು ಇಪ್ಪತ್ತು." ಮಗಳ ಹೆಸರು ಮರೆತವರಿಗೆ ಅದೊಂದು ನೆನಪಿತ್ತು. ಬೆರಳು ಎತ್ತಿ, ಹಿಂದಿನ ಬೆಂಚಿನವರಿಗೂ ಕೇಳುವಂಥ ಗಂಟಲಿನಲ್ಲಿ ಕೇಳಿದರು: "ವಾರಕ್ಕೆ ನಾಲ್ಕು ಕಡಿಮೆ ಆದರೆ, ಸೊನ್ನೆ ಆಗೋದಕ್ಕೆ ಎಷ್ಟು ವಾರ ಬೇಕು? ಹೇಳು ನೋಡೋಣ."

ಸಿಸ್ಟರ್ ತಾಯಿಯ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ಇದ್ದರು.

"ಮೂರು ವಾರ ಅಮ್ಮ."

"ಜಾಣೆ" ಎಂದರು ಟೀಚರಮ್ಮ.

ಸಿಸ್ಟರ್ ಚಾರ್ಟಿನಲ್ಲಿ ಹನ್ನೆರಡು ಎಂದು ಬರೆದು, ಸಹಿ ಹಾಕಿ, ಹದಿಮೂರನೇ ಹಾಸಿಗೆಯ ಕರೆಗಂಟೆಗೆ ಎದ್ದು ಹೋದರು.